ನೇಣುಗಂಬ ಮತ್ತು ಮತಪೆಟ್ಟಿಗೆ: ಕೆನಡಾದ ಮುಗಿಯದ ವಾದ



ಅಪರಾಧಕ್ಕೆ ಎಷ್ಟು ಶಿಕ್ಷೆ ಎಂಬುದನ್ನು ಯಾರು ಗೊತ್ತುಮಾಡಬೇಕು? ನ್ಯಾಯಾಧೀಶರೇ, ಕಾನೂನು ಮಾಡುವ ಸಂಸತ್ತೇ, ಅಥವಾ ಆ ಸಂಸತ್ತನ್ನು ಆರಿಸಿ ಕಳಿಸುವ ಜನರೇ? ಮೂವರೂ ಸೇರಿ ಎಂದು ಉತ್ತರಿಸುವುದು ಸುಲಭ. ಮೂವರ ಅಭಿಪ್ರಾಯವೂ ಒಂದೇ ಆಗಿರುವಷ್ಟು ಕಾಲ ಆ ಉತ್ತರದಿಂದ ತೊಂದರೆಯೂ ಇಲ್ಲ. ಜನಾಭಿಪ್ರಾಯ ಒಂದು ಕಡೆ, ಸಂಸತ್ತಿನ ಬಹುಮತ ಇನ್ನೊಂದು ಕಡೆ, ನ್ಯಾಯಾಲಯ ಮತ್ತೊಂದು ಕಡೆ ನಿಂತಾಗಲೇ ಪ್ರಜಾಪ್ರಭುತ್ವಕ್ಕೆ ನಿಜವಾದ ಪರೀಕ್ಷೆ. ಕೆನಡಾ ದೇಶ ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಪರೀಕ್ಷೆ ಬರೆಯುತ್ತಲೇ ಇದೆ. ಕೆಲವು ಪ್ರಶ್ನೆಗಳಿಗೆ ಅದು ಬರೆದ ಉತ್ತರ ಲೋಕದ ಮೆಚ್ಚುಗೆ ಪಡೆದಿದೆ. ಕೆಲವನ್ನು ಅದು ಇನ್ನೂ ಬರೆದು ಅಳಿಸುತ್ತಲೇ ಇದೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. 1867ರ ಸಂವಿಧಾನದ ಪ್ರಕಾರ ಅಪರಾಧ ಕಾನೂನನ್ನು ರಚಿಸುವ ಅಧಿಕಾರ ಒಟ್ಟಾವದಲ್ಲಿರುವ ಕೇಂದ್ರ ಸಂಸತ್ತಿನದು. ನ್ಯಾಯಾಡಳಿತವನ್ನು ನಡೆಸುವ ಹೊಣೆ ಪ್ರಾಂತ್ಯಗಳದು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದವರು ಕೇಂದ್ರದ ಸೆರೆಮನೆಗೆ, ಅದಕ್ಕಿಂತ ಕಡಿಮೆಯವರು ಪ್ರಾಂತ್ಯದ ಸೆರೆಮನೆಗೆ ಹೋಗುತ್ತಾರೆ. ಹೀಗಾಗಿ ಊರಿನಲ್ಲಿ ಕೊಲೆಯೊಂದು ನಡೆದು ಜನ ರೊಚ್ಚಿಗೆದ್ದರೆ ಪ್ರಾಂತ್ಯದವರು ಕೇಂದ್ರದ ಕಾನೂನನ್ನು ದೂರುತ್ತಾರೆ, ಕೇಂದ್ರದವರು ಪ್ರಾಂತ್ಯದ ಆಡಳಿತವನ್ನು ದೂರುತ್ತಾರೆ. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿಯೂ ಪೊಲೀಸ್ ಇಲಾಖೆ ರಾಜ್ಯ ಪಟ್ಟಿಯಲ್ಲಿಯೂ ಇರುವ ನಮ್ಮ ದೇಶದವರಿಗೆ ಈ ಜಗ್ಗಾಟ ಅಪರಿಚಿತವೇನಲ್ಲ.

1867ರಿಂದ 1962ರವರೆಗೆ ಕೆನಡಾದಲ್ಲಿ 710 ಜನರನ್ನು ಗಲ್ಲಿಗೇರಿಸಲಾಯಿತು. ಮರಣದಂಡನೆಯ ತೀರ್ಪು ಪಡೆದವರು ಇದರ ಎರಡರಷ್ಟಿದ್ದರು. ಪ್ರತಿಯೊಂದು ಮರಣದಂಡನೆಯ ಕಡತವೂ ಮಂತ್ರಿಮಂಡಲದ ಮುಂದೆ ಬರುತ್ತಿತ್ತು. ಕ್ಷಮೆ ನೀಡಬೇಕೇ ಬೇಡವೇ ಎಂದು ಮಂತ್ರಿಗಳು ಕುಳಿತು ತೀರ್ಮಾನಿಸುತ್ತಿದ್ದರು. ಅಂದರೆ ನ್ಯಾಯಾಲಯದ ಕೊನೆಯ ಮಾತು ಮುಗಿದ ಮೇಲೂ ರಾಜಕಾರಣಿಯ ಮಾತೊಂದು ಉಳಿದಿರುತ್ತಿತ್ತು.

ಇಂಥ ಒಂದು ಕಡತ 1959ರಲ್ಲಿ ಬಂತು. ಆಂಟೇರಿಯೊ ಪ್ರಾಂತ್ಯದಲ್ಲಿ ಹನ್ನೆರಡು ವರ್ಷದ ಬಾಲಕಿಯೊಬ್ಬಳು ಕೊಲೆಯಾಗಿದ್ದಳು. ಅವಳ ಸಹಪಾಠಿ ಸ್ಟೀವನ್ ಟ್ರಸ್ಕಾಟ್ ಎಂಬ ಹುಡುಗನ ಮೇಲೆ ಆರೋಪ ಹೊರಿಸಲಾಯಿತು. ಅವನಿಗೆ ಆಗ ಹದಿನಾಲ್ಕು ವರ್ಷ. ಬೇಸಿಗೆಯಲ್ಲಿ ಬಂಧಿತನಾದ ಹುಡುಗನಿಗೆ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಗಲ್ಲಿನ ತೀರ್ಪು ಬಂತು. ಮಂತ್ರಿಮಂಡಲ ಅದನ್ನು ಜೀವಾವಧಿ ಸಜೆಗೆ ಇಳಿಸಿತು. 1966ರಲ್ಲಿ ಇಸಾಬೆಲ್ ಲೆಬೂರ್ಡೆ ಎಂಬ ಲೇಖಕಿ ಈ ವಿಚಾರಣೆಯನ್ನೇ ಪ್ರಶ್ನಿಸಿ ಪುಸ್ತಕ ಬರೆದಾಗ ದೇಶವೆಲ್ಲ ಕಲಕಿತು. ಸರ್ಕಾರ ವಿಷಯವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಪ್ಪಿಸಿತು. 1967ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೈಕಿ ಎಂಟು ಮಂದಿ ಶಿಕ್ಷೆ ಸರಿಯೆಂದರು. ವಿಚಾರಣೆ ಸರಿಯಾಗಿ ನಡೆದಿಲ್ಲ ಎಂದವರು ಎಮೆಟ್ ಹಾಲ್ ಒಬ್ಬರೇ. ಆ ಒಬ್ಬರ ಮಾತಿಗೆ ಬೆಲೆ ಬರಲು ನಲವತ್ತು ವರ್ಷ ಬೇಕಾಯಿತು. 2007ರಲ್ಲಿ ಆಂಟೇರಿಯೊದ ಮೇಲ್ಮನವಿ ನ್ಯಾಯಾಲಯ ಟ್ರಸ್ಕಾಟ್‌ನನ್ನು ಖುಲಾಸೆ ಮಾಡಿತು. ಆ ಹೊತ್ತಿಗೆ ಅವನಿಗೆ ಅರವತ್ತು ದಾಟಿತ್ತು.

ಕೆನಡಾದ ಕೊನೆಯ ಗಲ್ಲುಶಿಕ್ಷೆ ನಡೆದದ್ದು 1962ರ ಡಿಸೆಂಬರ್ 11ರಂದು, ಟೊರಾಂಟೊ ನಗರದ ಡಾನ್ ಕಾರಾಗೃಹದಲ್ಲಿ. ಆರ್ಥರ್ ಲ್ಯೂಕಸ್ ಮತ್ತು ರೊನಾಲ್ಡ್ ಟರ್ಪಿನ್ ಎಂಬ ಇಬ್ಬರನ್ನು ಒಟ್ಟಿಗೆ ನೇಣಿಗೆ ಹಾಕಲಾಯಿತು. ಆಗಿನ ಪ್ರಧಾನಿ ಜಾನ್ ಡೀಫನ್‌ಬೇಕರ್ ವೃತ್ತಿಯಿಂದ ವಕೀಲರು, ಕೊಲೆ ಆರೋಪಿಗಳ ಪರವಾಗಿ ವಾದಿಸಿದ್ದವರು, ಮರಣದಂಡನೆಯನ್ನು ವಿರೋಧಿಸುತ್ತಿದ್ದವರು. ಅವರ ಕಾಲದಲ್ಲಿ ಬಹಳಷ್ಟು ಅಪರಾಧಿಗಳ ಜೀವ ಉಳಿಯಿತು. ಆದರೂ ಕೊನೆಯ ಎರಡು ನೇಣುಗಳು ಅವರ ಸರ್ಕಾರದ ಲೆಕ್ಕಕ್ಕೇ ಸೇರಿದವು. ಕಾನೂನು ಪುಸ್ತಕದಲ್ಲಿ ಹಗ್ಗ ಇರುವವರೆಗೆ ಅದನ್ನು ಹಿಡಿಯುವ ಕೈ ಎಷ್ಟೇ ಮೃದುವಾಗಿದ್ದರೂ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಅನಂತರದ ಹದಿನಾಲ್ಕು ವರ್ಷ ಒಂದು ವಿಚಿತ್ರ ಸ್ಥಿತಿ. 1966ರಲ್ಲಿ ರದ್ದತಿಯ ಪ್ರಸ್ತಾಪ ಸಂಸತ್ತಿನಲ್ಲಿ ಸೋತಿತು. ಮರುವರ್ಷ ಒಂದು ನಡುದಾರಿ ಹುಡುಕಲಾಯಿತು: ಪೊಲೀಸರು ಮತ್ತು ಸೆರೆಮನೆ ಕಾವಲುಗಾರರ ಕೊಲೆಯೊಂದನ್ನು ಬಿಟ್ಟು ಉಳಿದ ಕೊಲೆಗಳಿಗೆ ಐದು ವರ್ಷ ಪ್ರಾಯೋಗಿಕವಾಗಿ ಗಲ್ಲು ಬೇಡ ಎಂದಾಯಿತು. 1973ರಲ್ಲಿ ಆ ಪ್ರಯೋಗವನ್ನೇ ಮತ್ತೆ ಮುಂದುವರಿಸಿದರು. ಆದರೆ ಪೊಲೀಸರನ್ನು ಕೊಂದವರನ್ನೂ ಯಾವ ಮಂತ್ರಿಮಂಡಲವೂ ಗಲ್ಲಿಗೆ ಕಳಿಸಲಿಲ್ಲ. ಎಲ್ಲರ ಶಿಕ್ಷೆಯನ್ನೂ ಇಳಿಸಿತು. ಕಾನೂನಿನಲ್ಲಿ ಒಂದಿದೆ, ಆಚರಣೆಯಲ್ಲಿ ಇನ್ನೊಂದಿದೆ, ಇದು ಸಂಸತ್ತಿಗೇ ಮಾಡುವ ಅವಮಾನ ಎಂದು ಟೀಕಾಕಾರರು ಹೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

ಕೊನೆಗೆ 1976ರಲ್ಲಿ ಪಿಯರ್ ಟ್ರೂಡೊ ಅವರ ಲಿಬರಲ್ ಸರ್ಕಾರ ರದ್ದತಿಯ ಮಸೂದೆಯನ್ನು ತಂದಿತು. ಸಾಲಿಸಿಟರ್ ಜನರಲ್ ವಾರೆನ್ ಆಲ್ಮಂಡ್ ಅದನ್ನು ಮಂಡಿಸಿದರು. ಜನಾಭಿಪ್ರಾಯ ಸಂಗ್ರಹಗಳಲ್ಲಿ ಬಹುಪಾಲು ಜನ ಗಲ್ಲು ಇರಬೇಕೆಂದೇ ಹೇಳುತ್ತಿದ್ದರು. ಪೊಲೀಸ್ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಇಂಥ ಸಮಯದಲ್ಲಿ ಸರ್ಕಾರ ತನ್ನ ಸದಸ್ಯರಿಗೆ ವಿಪ್ ಹೊರಡಿಸಿ ಕೆಲಸ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರತಿಯೊಬ್ಬ ಸದಸ್ಯನೂ ಪಕ್ಷವನ್ನು ಬದಿಗಿಟ್ಟು ತನ್ನ ಮನಸ್ಸಾಕ್ಷಿಯಂತೆ ಮತ ಹಾಕಲಿ ಎಂದು ಬಿಟ್ಟುಕೊಟ್ಟಿತು. ಮಸೂದೆ ಬಿದ್ದುಹೋದರೆ ಕೆಲವರು ನಿಜವಾಗಿಯೂ ನೇಣಿಗೇರುತ್ತಾರೆ, ಆ ಹೊಣೆಯಿಂದ ಸದಸ್ಯರು ತಪ್ಪಿಸಿಕೊಳ್ಳಲಾಗದು ಎಂಬ ಅರ್ಥದಲ್ಲಿ ಟ್ರೂಡೊ ಸದನವನ್ನು ಎಚ್ಚರಿಸಿದರು. ಆಳುವ ಪಕ್ಷದ ಕೆಲವರು ಮಸೂದೆಯ ವಿರುದ್ಧ ಎದ್ದು ನಿಂತರು. ವಿರೋಧ ಪಕ್ಷದ ಹೊಸ ನಾಯಕ ಜೋ ಕ್ಲಾರ್ಕ್ ಅದರ ಪರವಾಗಿ ನಿಂತರು. ಜುಲೈ 14ರಂದು ಮತ ಎಣಿಸಿದಾಗ ಪರವಾಗಿ 130, ವಿರೋಧವಾಗಿ 124. ಆರು ಮತಗಳ ಅಂತರದಲ್ಲಿ ನೇಣುಗಂಬ ಇತಿಹಾಸ ಸೇರಿತು. ಸೇನಾ ಕಾನೂನಿನಲ್ಲಿ ಉಳಿದಿದ್ದ ಮರಣದಂಡನೆ 1998ರಲ್ಲಿ ಹೋಯಿತು.

ಆದರೆ ಈ ಗೆಲುವು ಬಿಟ್ಟಿಯಾಗಿ ಬರಲಿಲ್ಲ. ಗಲ್ಲಿಗೆ ಬದಲಾಗಿ ಪೂರ್ವಯೋಜಿತ ಕೊಲೆಗೆ ಜೀವಾವಧಿ ಸಜೆ, ಇಪ್ಪತ್ತೈದು ವರ್ಷ ಪೆರೋಲ್ ಕೇಳುವಂತಿಲ್ಲ ಎಂದು ವಿಧಿಸಲಾಯಿತು. ಹದಿನೈದು ವರ್ಷ ಕಳೆದ ಮೇಲೆ ಜ್ಯೂರಿಯ ಮುಂದೆ ಹೋಗಿ ಈ ಅವಧಿಯನ್ನು ಕಡಿಮೆ ಮಾಡಿರೆಂದು ಕೇಳಿಕೊಳ್ಳಲು ಸಣ್ಣದೊಂದು ಕಿಂಡಿಯನ್ನೂ ಇಡಲಾಯಿತು. ಹೊಸ ಅಪರಾಧಗಳ ಮಟ್ಟಿಗೆ ಆ ಕಿಂಡಿಯನ್ನು 2011ರಲ್ಲಿ ಮುಚ್ಚಿದರು.

ವಾದ ಅಲ್ಲಿಗೇ ನಿಲ್ಲಲಿಲ್ಲ. 1984ರಲ್ಲಿ ಅಧಿಕಾರಕ್ಕೆ ಬಂದ ಕನ್ಸರ್ವೇಟಿವ್ ಪಕ್ಷದ ಬ್ರಯಾನ್ ಮುಲ್ರೋನಿ, ಗಲ್ಲನ್ನು ಮರಳಿ ತರುವ ಬಗ್ಗೆ ಮುಕ್ತ ಮತದಾನಕ್ಕೆ ಅವಕಾಶ ಕೊಡುವುದಾಗಿ ಮಾತು ಕೊಟ್ಟಿದ್ದರು. 1987ರ ಜೂನ್ 30ರಂದು ಆ ಮತದಾನ ನಡೆಯಿತು. ಮಾತು ಕೊಟ್ಟ ಪ್ರಧಾನಿಯೇ ಗಲ್ಲಿನ ವಿರುದ್ಧ ಮಾತನಾಡಿದರು. ಪ್ರಸ್ತಾಪ 127ಕ್ಕೆ 148 ಮತಗಳಿಂದ ಬಿದ್ದುಹೋಯಿತು.

ಸಂಸತ್ತು ಜನಾಭಿಪ್ರಾಯವನ್ನು ಮೀರಿ ನಡೆದದ್ದು ಸರಿಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಕೊಲೆಯಾದವರ ಮನೆಯವರ ಸಂಕಟವನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಮುಂದೆ ನಡೆದ ಘಟನೆಗಳು ಸಂಸತ್ತಿನ ತೀರ್ಮಾನಕ್ಕೆ ಸಾಕ್ಷಿ ನುಡಿದವು. ನೋವಾ ಸ್ಕೋಷಿಯಾದ ಮೂಲನಿವಾಸಿ ಯುವಕ ಡೊನಾಲ್ಡ್ ಮಾರ್ಷಲ್ ತಾನು ಮಾಡದ ಕೊಲೆಗಾಗಿ ಹನ್ನೊಂದು ವರ್ಷ ಸೆರೆಯಲ್ಲಿದ್ದು 1983ರಲ್ಲಿ ನಿರ್ದೋಷಿಯೆನಿಸಿದ. ಅವನು ಮೂಲನಿವಾಸಿಯಾಗಿದ್ದುದೂ ಈ ಅನ್ಯಾಯಕ್ಕೆ ಒಂದು ಕಾರಣವೆಂದು ಅನಂತರ ನೇಮಕವಾದ ವಿಚಾರಣಾ ಆಯೋಗ ಸ್ಪಷ್ಟವಾಗಿ ಹೇಳಿತು. ಡೇವಿಡ್ ಮಿಲ್ಗಾರ್ಡ್ ಇಪ್ಪತ್ತಮೂರು ವರ್ಷ ಸೆರೆಯಲ್ಲಿ ಕಳೆದ. 1997ರ ಡಿಎನ್‌ಎ ಪರೀಕ್ಷೆ ಅವನ ನಿರಪರಾಧವನ್ನು ತೋರಿಸಿಕೊಟ್ಟಿತು. ಗೈ ಪಾಲ್ ಮೊರಿನ್‌ನನ್ನು 1995ರಲ್ಲಿ ಇಂಥದೇ ಪರೀಕ್ಷೆ ಪಾರುಮಾಡಿತು. ಇವರೆಲ್ಲ ಬದುಕಿದ್ದರು, ಆದ್ದರಿಂದ ತಪ್ಪನ್ನು ತಿದ್ದಲು ಸಾಧ್ಯವಾಯಿತು. 2001ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ, ಮರಣದಂಡನೆ ವಿಧಿಸುವುದಿಲ್ಲ ಎಂಬ ಭರವಸೆ ಪಡೆಯದೆ, ತೀರಾ ಅಪವಾದದ ಸಂದರ್ಭಗಳ ಹೊರತು, ಆರೋಪಿಗಳನ್ನು ಬೇರೆ ದೇಶಕ್ಕೆ ಒಪ್ಪಿಸಬಾರದೆಂದು ತೀರ್ಪಿತ್ತಾಗ ಇಂಥ ಪ್ರಕರಣಗಳನ್ನೇ ಮುಂದಿಟ್ಟುಕೊಂಡಿತ್ತು.

ಗಲ್ಲು ಹೋದರೆ ಕೊಲೆಗಳು ಹೆಚ್ಚುತ್ತವೆ ಎಂಬ ಭಯವಿತ್ತು. 1970ರ ದಶಕದ ನಡುವಿನಲ್ಲಿ ಲಕ್ಷ ಜನರಿಗೆ ಸುಮಾರು 3ರಷ್ಟಿದ್ದ ಕೊಲೆಯ ಪ್ರಮಾಣ, 1990ರ ದಶಕದ ಕೊನೆಗೆ 2ಕ್ಕಿಂತ ಕೆಳಗಿಳಿಯಿತು. ಗಲ್ಲು ರದ್ದಾದದ್ದರಿಂದಲೇ ಹೀಗಾಯಿತು ಎನ್ನುವುದು ತಪ್ಪಾದೀತು. ಅಪರಾಧದ ಏರಿಳಿತಕ್ಕೆ ಕಾರಣಗಳು ಹಲವು. ಆದರೆ ಭಯಪಟ್ಟಂತೆ ಆಗಲಿಲ್ಲ ಎಂಬುದಂತೂ ನಿಜ.

ಹಾಗಾದರೆ ಕೆನಡಾದಲ್ಲಿ ಅಪರಾಧದ ಚರ್ಚೆ ಪಕ್ಷ ರಾಜಕೀಯದಿಂದ ಪಾರಾಯಿತೇ? ಇಲ್ಲ. 2006ರಲ್ಲಿ ಅಧಿಕಾರಕ್ಕೆ ಬಂದ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರ ಅಪರಾಧದ ವಿರುದ್ಧ ಕಠಿಣ ನಿಲುವನ್ನು ತನ್ನ ಗುರುತಾಗಿಸಿಕೊಂಡಿತು. ಹಲವು ಅಪರಾಧಗಳಿಗೆ ಇಷ್ಟಕ್ಕಿಂತ ಕಡಿಮೆ ಶಿಕ್ಷೆ ಕೊಡುವಂತಿಲ್ಲ ಎಂಬ ಕಡ್ಡಾಯ ಕನಿಷ್ಠ ಶಿಕ್ಷೆಗಳನ್ನು ಕಾನೂನಿಗೆ ಸೇರಿಸಿತು. ಒಬ್ಬನೇ ಹಲವರನ್ನು ಕೊಂದರೆ ಪೆರೋಲ್ ಇಲ್ಲದ ಇಪ್ಪತ್ತೈದು ವರ್ಷಗಳನ್ನು ಒಂದರ ಮೇಲೊಂದು ಪೇರಿಸಲು 2011ರ ಕಾನೂನು ಅವಕಾಶ ಕೊಟ್ಟಿತು. ಮುಂದೆ ನ್ಯಾಯಾಲಯಗಳು ಒಂದೊಂದಾಗಿ ಕತ್ತರಿ ಹಾಕಿದವು. 2015ರಲ್ಲಿ ಬಂದೂಕಿನ ಅಪರಾಧವೊಂದಕ್ಕೆ ಇದ್ದ ಕಡ್ಡಾಯ ಶಿಕ್ಷೆ ಬಿದ್ದಿತು. 2017ರಲ್ಲಿ ಕ್ವಿಬೆಕ್ ನಗರದ ಮಸೀದಿಯೊಂದರಲ್ಲಿ ಆರು ಜನರನ್ನು ಕೊಂದವನ ಪ್ರಕರಣದಲ್ಲಿ, ಹೊರಬರುವ ಆಸೆಯೇ ಇಲ್ಲದಂತೆ ಸೆರೆಯಲ್ಲಿಡುವುದು ಮಾನವ ಘನತೆಗೆ ಸಲ್ಲದು ಎಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಒಮ್ಮತದಿಂದ ಹೇಳಿ, ವರ್ಷ ಪೇರಿಸುವ ಕಾನೂನನ್ನು ತಳ್ಳಿಹಾಕಿತು. ಅದೇ ವರ್ಷ ಲಿಬರಲ್ ಸರ್ಕಾರ ಹಲವು ಕಡ್ಡಾಯ ಶಿಕ್ಷೆಗಳನ್ನು ತೆಗೆಯಿತು. 2025ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ನಾಯಕ ಪಿಯರ್ ಪೊಲಿಯೇವ್, ಹಕ್ಕುಗಳ ಸನ್ನದನ್ನು ಬದಿಗಿಡಲು ಶಾಸಕಾಂಗಕ್ಕೆ ಇರುವ ವಿಶೇಷಾಧಿಕಾರವನ್ನು ಬಳಸಿಯಾದರೂ ಆ ಕಾನೂನನ್ನು ಮರಳಿ ತರುವೆನೆಂದರು. ಅವರ ಪಕ್ಷ ಗೆಲ್ಲಲಿಲ್ಲ. ಆದರೆ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡಹುವ ಆಟ ನಿಂತಿಲ್ಲ.

ಈ ಗದ್ದಲದಲ್ಲಿ ಕೇಳಿಸದೆ ಹೋಗುವ ಸಂಗತಿಯೊಂದಿದೆ. ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳ ಪಾಲು ಸುಮಾರು ಶೇ. 5. ಕೇಂದ್ರ ಸೆರೆಮನೆಗಳಲ್ಲಿ ಅವರ ಪಾಲು 2020ರಲ್ಲಿ ಶೇ. 30ನ್ನು ದಾಟಿತು. ಶಿಕ್ಷೆ ವಿಧಿಸುವಾಗ ಅವರ ಹಿನ್ನೆಲೆಯನ್ನು ವಿಶೇಷವಾಗಿ ಗಮನಿಸಬೇಕೆಂದು 1996ರ ಕಾನೂನು ಹೇಳಿದೆ, 1999ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಆದರೂ ಆ ಪಾಲು ಏರುತ್ತಲೇ ಬಂತು. ಕಠಿಣವಾಗಿರಬೇಕು ಎಂಬ ಘೋಷಣೆಯಲ್ಲಿಯೂ ಇದಕ್ಕೆ ಉತ್ತರವಿಲ್ಲ, ಮೃದುವಾಗಿರಬೇಕು ಎಂಬ ಘೋಷಣೆಯಲ್ಲಿಯೂ ಇಲ್ಲ.

1976ರ ಆ ಮತದಾನವನ್ನು ಇಂದು ನೆನೆಯಬೇಕಾದದ್ದು ಈ ಕಾರಣಕ್ಕೆ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಅನಂತರ ವಿಪ್ ಮೀರಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಕೆನಡಾದಲ್ಲಿ ಅಂಥ ಕಾನೂನಿಲ್ಲ. ಪಕ್ಷ ಸಿಟ್ಟಾಗಬಹುದು, ಹೊರಗೆ ಹಾಕಬಹುದು, ಸ್ಥಾನ ಹೋಗದು. ಆದರೂ ಅಲ್ಲಿನ ಸದಸ್ಯರು ಸಾಮಾನ್ಯವಾಗಿ ಪಕ್ಷದ ಗೆರೆ ದಾಟುವುದಿಲ್ಲ. ಒಂದು ಜೀವದ ಪ್ರಶ್ನೆ ಎದುರಾದಾಗ ಮಾತ್ರ ಪಕ್ಷಗಳು ತಾವಾಗಿ ಹಗ್ಗ ಸಡಿಲಿಸಿದವು. ಸದಸ್ಯ ತನ್ನ ಕ್ಷೇತ್ರದ ಜನರ ಮುಂದೆ ನಿಂತು ನಾನೇಕೆ ಹೀಗೆ ಮತ ಹಾಕಿದೆ ಎಂದು ತಾನೇ ಹೇಳಬೇಕಾಯಿತು. ಪಕ್ಷ ಹೇಳಿತು ಎಂದು ಜಾರಿಕೊಳ್ಳಲು ದಾರಿಯಿರಲಿಲ್ಲ. ಶಿಕ್ಷೆಯ ವಿಷಯದಲ್ಲಿ ಪಕ್ಷಗಳು ವಾದಿಸಬಾರದು ಎಂದಲ್ಲ. ವಾದಿಸಬೇಕು, ಅದು ಅವುಗಳ ಕೆಲಸ. ಆದರೆ ಕಾನೂನಿಗೆ ಕೈಯೆತ್ತುವವನಿಗೆ ಅದರಿಂದ ಯಾರ ಕುತ್ತಿಗೆಗೆ ಏನು ಬೀಳುತ್ತದೆ ಎಂಬುದು ಗೊತ್ತಿರಬೇಕು. ಕೆನಡಾದ ಸದನದಲ್ಲಿ ಒಂದು ದಿನ 254 ಮಂದಿ ಅದನ್ನು ತಿಳಿದೇ ಮತ ಹಾಕಿದರು, ಗೆದ್ದವರೂ ಸೋತವರೂ.