‘ಇಲ್ಲ’ ಅಂತ ಬೇಗ ಹೇಳಿದ್ರೆ ನಂಬಬೇಡಿ

ಸರಗೂರಿಂದ ಮಾತಾಡ್ತಿದ್ದೀನಿ. ನಾನು ಓದಿದ್ದು ಬಿ.ಕಾಂ., ಆದ್ರೆ ಪಾಡ್‌ಕಾಸ್ಟ್‌ನ ವೆಬ್‌ಸೈಟ್ ನೋಡ್ಕೊಳ್ಳೋದೂ ನಾನೇ.

ಸರಗೂರು ಈಗ ಬೇರೆ ತಾಲ್ಲೂಕು. ಹಳೇ ಪುಟಗಳಲ್ಲಿ ವಿಳಾಸ ಇನ್ನೂ ‘ಹೆಗ್ಗಡದೇವನಕೋಟೆ ತಾಲ್ಲೂಕು’ ಅಂತಿತ್ತು. ವಿಎಸ್ ಕೋಡ್‌ನಲ್ಲಿ ‘ಕೋಟೆ’ ಅಂತ ಹುಡುಕಿದೆ. ಕಣ್ಣು ಮಿಟುಕಿಸೋದ್ರೊಳಗೆ ಎರಡು ಕಡೆ ಸಿಕ್ತು. ತಿದ್ದಿ ಸುಮ್ಮನಾದೆ. ಮಾರನೇ ದಿನ ಕೇಳುಗರೊಬ್ಬರು, ‘ಇನ್ನೊಂದು ಪುಟದಲ್ಲಿ ಕೋಟೆನೇ ಇದೆಯಲ್ಲ’ ಅಂದ್ರು!

ವಿಎಸ್ ಕೋಡ್ ಒಳಗೆ ಹುಡುಕೋ ಕೆಲಸ ರಿಪ್‌ಗ್ರೆಪ್‌ದು. 1973ರ ಯೂನಿಕ್ಸ್ ‘ಗ್ರೆಪ್’ ದಾರೀಲೇ 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ಹೊರತಂದಿದ್ದು. ಇದು ಒಟ್ಟೊಟ್ಟಿಗೆ ಹಲವು ಫೈಲ್ ಓದುತ್ತೆ. ಗಿಟ್‌ಇಗ್ನೋರ್‌ನಲ್ಲಿ ಬರೆದಿರೋ ಫೋಲ್ಡರ್‌ಗಳನ್ನ ಮುಟ್ಟೋದೇ ಇಲ್ಲ. ಬೇಡದ ಲೆಡ್ಜರ್ ತೆಗೀದಿದ್ರೆ ಲೆಕ್ಕ ಬೇಗ ಮುಗಿಯುತ್ತಲ್ಲ, ಹಾಗೆ. ಹಾಗಾಗಿ ಏನಾದ್ರೂ ಸಿಗದಿದ್ರೆ ಮೊದಲು ಅಲ್ಲಿ ನೋಡಿ.

ನನ್ನ ಫೈಲ್ ಅಲ್ಲಿರಲಿಲ್ಲ. ತೊಂದರೆ ‘ಕೋ’ ಅಕ್ಷರದ್ದು. ಯೂನಿಕೋಡ್‌ನಲ್ಲಿ ಈ ‘ಓ’ಕಾರದ ಚಿಹ್ನೆಯನ್ನ ಒಂದೇ ಸಂಕೇತವಾಗಿ ಬರೀಬಹುದು, ಮೂರು ತುಂಡಾಗಿಯೂ ಬರೀಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ರಿಪ್‌ಗ್ರೆಪ್ ನೋಡೋದು ಸಂಕೇತಗಳನ್ನ, ಅಕ್ಷರದ ರೂಪವನ್ನಲ್ಲ. ಎಲ್ಲೋ ಕಾಪಿ ಮಾಡಿದ್ದ ಆ ಪುಟದಲ್ಲಿ ಇದ್ದಿದ್ದು ತುಂಡು ರೂಪ.

ಎಲ್ಲ ಫೈಲನ್ನೂ ಎನ್‌ಎಫ್‌ಸಿ ಅನ್ನೋ ಒಂದೇ ಯೂನಿಕೋಡ್ ರೂಪಕ್ಕೆ ತಂದು ಮತ್ತೆ ಹುಡುಕಿದೆ. ಮೂರನೇ ‘ಕೋಟೆ’ ಸಿಕ್ತು.

ಕನ್ನಡದಲ್ಲಿ ಆ್ಯಪ್ ಮಾಡೋರೇ, ಹುಡುಕೋದು ಎಷ್ಟು ವೇಗ ಅಂತ ಆಮೇಲೆ ಅಳೆಯಿರಿ. ಮೊದಲು ಅಕ್ಷರ ಸರಿಮಾಡಿಕೊಳ್ಳಿ. ಸಿಗೋಣ!