ಅಟ್ಟದ ಮೇಲಿನ ಓದುಕೋಣೆ

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಅಟ್ಟವಿದ್ದುದು ಅಡುಗೆಮನೆಯ ಮೇಲೆ. ಸೌದೆಯೊಲೆಯ ಹೊಗೆ ಅಲ್ಲಿಟ್ಟ ಅಡಕೆ, ಬಿತ್ತನೆಯ ಭತ್ತ, ಓಲೆಗರಿಗಳನ್ನು ಹುಳುಹುಪ್ಪಟೆಗಳಿಂದ ಕಾಯುತ್ತಿತ್ತು. ಗ್ಯಾಸಿನ ಒಲೆ ಬಂದಿತು, ಹೊಗೆ ನಿಂತಿತು. ನಿವೃತ್ತನಾಗಿ ಊರಿಗೆ ಮರಳಿ ನಾನು ಅಟ್ಟ ಹತ್ತುವ ವೇಳೆಗೆ ಅಜ್ಜನ ಓಲೆಯ ಕಟ್ಟು ಗೆದ್ದಲಿನ ಪಾಲಾಗಿತ್ತು. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಅದನ್ನೊಮ್ಮೆಯೂ ಬಿಚ್ಚಿ ಓದಿರಲಿಲ್ಲ, ಶ್ರೋತೃಗಳೇ.

ಅಟ್ಟವನ್ನು ಓದುಕೋಣೆಯಾಗಿಸಲು ಹೊರಟೆ. ಬಡಗಿ ತೊಲೆಗಳನ್ನು ತಟ್ಟಿ ನೋಡಿ, ಟೊಳ್ಳಾದ ಎರಡನ್ನು ಬದಲಿಸಿದ. ಏಣಿಯ ಜಾಗಕ್ಕೆ ಮೆಟ್ಟಿಲು ಬಂದಿತು. ಮಾಡಿಗೆ ನಾಲ್ಕು ಗಾಜಿನ ಹಂಚು. ಬೆಳಕಿನೊಡನೆ ಧಗೆಯೂ ಇಳಿಯಿತು. ಎದುರುಬದುರು ಕಿಟಕಿ ತೆರೆಸಿದ ಮೇಲೆ ತುಸು ತಗ್ಗಿತು. ನೆಟ್ಟಗೆ ನಿಲ್ಲಬಹುದಾದುದು ನಡುವೆ ಮಾತ್ರ. ಬದಿಗಳಲ್ಲಿ ಪ್ರಾಧ್ಯಾಪಕನೂ ತಲೆ ಬಾಗಲೇಬೇಕು!

ಓಲೆಯ ಕಟ್ಟಿದ್ದ ಮೂಲೆಗೆ ಪುಸ್ತಕದ ಬೀರು ಹೊಂದುತ್ತದೆಂದು ಬಡಗಿ ಹೇಳಿದ. ಆ ಮೂಲೆ ಹಾಗೆಯೇ ಇರಲೆಂದೆ.