ಆಲ್ಬರ್ಟಾದ ಬಾನುಲಿ ಚುನಾವಣೆ

ಬಾನುಲಿಯ ಬಲದಿಂದ ಒಂದು ಸರ್ಕಾರವು ಉರುಳಿ ಮತ್ತೊಂದು ಎದ್ದುನಿಂತ ಕಥೆಯನ್ನು ಬಾನುಲಿಯಲ್ಲಿಯೇ ಹೇಳುವ ಸುಯೋಗ ಇಂದು ನನ್ನ ಪಾಲಿಗೆ ಬಂದಿದೆ. ಅದು ನಡೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, 1935ರಲ್ಲಿ.

ಅನಾವೃಷ್ಟಿಯಿಂದಲೂ, ಗೋಧಿಯ ಬೆಲೆ ಕುಸಿದುದರಿಂದಲೂ, ತೀರಿಸಲಾರದ ಸಾಲದಿಂದಲೂ ಅಲ್ಲಿಯ ರೈತನು ಹಣ್ಣಾಗಿದ್ದನು. 1921ರಿಂದ ಆಳುತ್ತಿದ್ದ ‘ಯುನೈಟೆಡ್ ಫಾರ್ಮರ್ಸ್’ ಎಂಬ ರೈತರದೇ ಪಕ್ಷವು ಕೈಚೆಲ್ಲಿ ಕುಳಿತಿತ್ತು. ಅದರ ಪ್ರಧಾನ ಬ್ರೌನ್ಲೀಯವರು ಒಂದು ಅಪವಾದದ ಮೊಕದ್ದಮೆಗೆ ಸಿಲುಕಿ 1934ರಲ್ಲಿ ಅಧಿಕಾರ ಬಿಟ್ಟರು. ಆ ಕೊಳಕು ನಮಗೆ ಬೇಡ.

ನನ್ನ ಮನಸ್ಸು ಹರಿಯುವುದು ವಿಲಿಯಂ ಅಬರ್‌ಹಾರ್ಟ್ ಮಹಾಶಯರ ಕಡೆಗೆ. ಕ್ಯಾಲ್ಗರಿ ನಗರದ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದು, 1925ರಿಂದ ಭಾನುವಾರಗಳಂದು ಬಾನುಲಿಯಲ್ಲಿ ಬೈಬಲ್ ಪ್ರವಚನ ಮಾಡುತ್ತಿದ್ದ ಈ ಸ್ಥೂಲಕಾಯರು, 1932ರ ಬೇಸಗೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಎಡ್ಮಂಟನ್ನಿಗೆ ಹೋಗಿದ್ದಾಗ, ಸಹೋದ್ಯೋಗಿಯೊಬ್ಬರು ಕೈಗಿತ್ತ ಪುಸ್ತಕದಿಂದ ಮೇಜರ್ ಡಗ್ಲಾಸ್ ಎಂಬವರ ‘ಸೋಷಿಯಲ್ ಕ್ರೆಡಿಟ್’ ಸಿದ್ಧಾಂತಕ್ಕೆ ಮಾರುಹೋದರು. ಪದಾರ್ಥಗಳು ಯಥೇಷ್ಟವಾಗಿದ್ದರೂ ಕೊಳ್ಳುವವನ ಕೈಯಲ್ಲಿ ಹಣವಿಲ್ಲ; ಆದ್ದರಿಂದ ವಯಸ್ಕರಾದ ಪ್ರತಿಯೊಬ್ಬರಿಗೂ ಸರ್ಕಾರವೇ ತಿಂಗಳಿಗೆ 25 ಡಾಲರುಗಳ ಲಾಭಾಂಶ ಕೊಡತಕ್ಕದ್ದೆಂದು ಅವರು ಸಾರತೊಡಗಿದರು. ಹೇಳಿದ ಬಗೆಯಂತೂ ಅಪೂರ್ವ! ಮಂಗಳಗ್ರಹದಿಂದ ಬಂದ ಅತಿಥಿಯೊಬ್ಬನನ್ನು ಬಾನುಲಿಯ ನಾಟಕಗಳಲ್ಲಿ ತಂದು, ಇಷ್ಟು ಸಮೃದ್ಧಿಯ ನಡುವೆ ಇಷ್ಟು ದಾರಿದ್ರ್ಯವೇಕೆಂದು ಅವನ ಬಾಯಿಂದ ಕೇಳಿಸಿದರು. ನೆರೆಮನೆಯೇ ಮೈಲುಗಟ್ಟಲೆ ದೂರವಿದ್ದ ಒಂಟಿ ಮನೆಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರಿಗೆ ಅರ್ಥಶಾಸ್ತ್ರದ ಪಾಂಡಿತ್ಯವೇಕೆ ಬೇಕು? ಪಂಡಿತರು ನಕ್ಕರು; ಒಡೆದ ಗಡಿಗೆಯಲ್ಲಿ ನೀರು ತುಂಬುವ ಕೆಲಸವಿದು ಎಂದೇ ನನಗೂ ತೋರುತ್ತದೆ. ಆದರೂ ಹಸಿದವನ ಪ್ರಶ್ನೆಯನ್ನು ಹಸಿದವನಿಗೆ ತಿಳಿಯುವಂತೆ ಕೇಳಿದವರು ಅವರೊಬ್ಬರೇ.

1935ರ ಆಗಸ್ಟ್ 22ರಂದು ಶಾಸನಸಭೆಗೆ ಮತದಾನವಾಯಿತು. 63 ಸ್ಥಾನಗಳಲ್ಲಿ 56 ‘ಸೋಷಿಯಲ್ ಕ್ರೆಡಿಟ್’ ಎಂಬ ಹೆಸರಿನ ಅವರ ಪಕ್ಷದ ಪಾಲಾದವು. ಆಳುತ್ತಿದ್ದ ಪಕ್ಷಕ್ಕೆ ಒಂದೂ ಉಳಿಯಲಿಲ್ಲ. ಸ್ವತಃ ಸ್ಪರ್ಧಿಸದಿದ್ದ ಅಬರ್‌ಹಾರ್ಟರು ಪ್ರಾಂತ್ಯದ ಪ್ರಧಾನರಾಗಿ, ಅನಂತರ ಉಪಚುನಾವಣೆಯ ಮೂಲಕ ಶಾಸನಸಭೆಯನ್ನು ಪ್ರವೇಶಿಸಿದರು.

ಆ 25 ಡಾಲರುಗಳು ಮಾತ್ರ ಬರಲೇ ಇಲ್ಲ. ನಾಣ್ಯ, ಬ್ಯಾಂಕುಗಳ ಮೇಲೆ ಪ್ರಾಂತ್ಯಕ್ಕೆ ಅಧಿಕಾರವಿರಲಿಲ್ಲವಾಗಿ, ಅವರ ಮುಖ್ಯ ಶಾಸನಗಳು ನ್ಯಾಯಾಲಯಗಳಲ್ಲಿ ಬಿದ್ದುಹೋದವು. ಮತದಾರರು ತಮ್ಮ ಪ್ರತಿನಿಧಿಯನ್ನು ಹಿಂದಕ್ಕೆ ಕರೆಯಬಹುದೆಂಬ ಶಾಸನವನ್ನು 1936ರಲ್ಲಿ ತಂದವರೂ ಅವರೇ. ಮರುವರ್ಷ ಸ್ವಂತ ಕ್ಷೇತ್ರದ ಜನರೇ ಅವರ ವಿರುದ್ಧ ಸಹಿ ಕೂಡಿಸಲಾಗಿ, ಶಾಸನಸಭೆಯು ಆ ಶಾಸನವನ್ನೇ ಪೂರ್ವಾನ್ವಯವಾಗಿ ರದ್ದುಪಡಿಸಿತು. ಇದಕ್ಕಾಗಿ ನಾನು ಅವರನ್ನು ಕ್ಷಮಿಸಲಾರೆ. ಆಲ್ಬರ್ಟಾದ ಜನರು ಕ್ಷಮಿಸಿದರೆಂದೇ ತೋರುತ್ತದೆ, ಏಕೆಂದರೆ ಅವರ ಪಕ್ಷವು 1971ರವರೆಗೂ ಅಲ್ಲಿ ಆಳಿತು.